ಎದ್ದು ನಿಂತ ಬಾವಿ

ಹೋದ ವರ್ಷ ಕಲಾಶಾಲೆಯ ಮೇಷ್ಟರೊಬ್ಬರು ನಮ್ಮ ಮನೆಗೆ ಬಂದು, ಪಡಸಾಲೆಯ ಗೋಡೆಯ ಮೇಲಿರುವ ಪಟದ ಮುಂದೆ ಬಹಳ ಹೊತ್ತು ನಿಂತರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಕಡೆಗೆ, ‘ಅಮ್ಮಾ, ಇದು ಸರ್ರಿಯಲಿಸಂ. ಅತಿವಾಸ್ತವ ಅಂತೀವಿ. ಕನಸಿನಲ್ಲಿ ಕಂಡ ಹಾಗೆ ಬರೆಯೋದು. ನಿಮ್ಮ ಯಜಮಾನರು ಪರದೇಶದ ಚಿತ್ರಗಳನ್ನ ಎಲ್ಲೋ ನೋಡಿರಬೇಕು’ ಎಂದರು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ‘ಪರದೇಶ ನೋಡಿಲ್ರೀ ಅವರು, ಶಹಾಪುರ ನೋಡಿದ್ರು’ ಎಂದೆ. ಅವರಿಗೆ ತಿಳಿಯಲಿಲ್ಲ. ಚಹಾ ಕುಡಿದು ಹೋದರು.

ಈಗ ಅದಕ್ಕೆ ಇಷ್ಟು ದೊಡ್ಡ ಹೆಸರು. ಬರೆದ ಹೊತ್ತಿನಲ್ಲಿ ನಮ್ಮ ಸುರಪುರದ ಮನೆಯಲ್ಲಿ ಅದಕ್ಕೆ ಇದ್ದದ್ದು ಒಂದೇ ಹೆಸರು: ಹುಚ್ಚು. ಆ ಹೆಸರಿನ ಮೇಲೆ ನನ್ನ ಗಂಡನನ್ನು ಗಾಡಿಯಲ್ಲಿ ಯಾದಗಿರಿಗೆ ಒಯ್ದು, ಅಲ್ಲಿಂದ ರೈಲು ಹತ್ತಿಸಿ, ಹೈದರಾಬಾದಿನ ಹುಚ್ಚರ ದವಾಖಾನೆಗೆ ಹಾಕುವ ತಯಾರಿ ನಡೆದಿತ್ತು. ಹಾಗೆ ಹೋದವರು ತಿರುಗಿ ಬಂದದ್ದನ್ನು ನಮ್ಮ ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ನನಗೆ ಆಗ ಮದುವೆಯಾಗಿ ಎರಡನೆಯ ದೀಪಾವಳಿ.

ನಮ್ಮದು ಪಟ ಬರೆಯುವ ಮನೆ. ಹಲಗೆಗೆ ಬಟ್ಟೆ ಅಂಟಿಸಿ, ಹುಣಸೆಬೀಜದ ಅಂಟು ಬಳಿದು, ಒಣಗಿದ ಮೇಲೆ ನುಣುಪು ಕಲ್ಲಿನಿಂದ ತಿಕ್ಕುವುದು, ಬಣ್ಣ ಅರೆಯುವುದು ಹೆಂಗಸರ ಕೆಲಸ. ಅತ್ತೆ ತೀರಿಕೊಂಡಿದ್ದರಿಂದ ಎಲ್ಲವೂ ನನ್ನ ತೋಳಿಗೇ ಬಿತ್ತು. ಗೆರೆ, ಬಣ್ಣ ನನ್ನ ಗಂಡನದು. ಬಂಗಾರದ ವರಕು ಹಚ್ಚುವುದು ಅವರ ಅಣ್ಣನದು; ನಾನು ಅವರನ್ನು ಭಾವ ಎನ್ನುತ್ತಿದ್ದೆ. ದೇವರಿಗೆ ಕಣ್ಣು ಇಡುವುದು ಮಾವನದು. ಮಾವನ ಸ್ವಂತ ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರ ನೆರಳಷ್ಟೇ ಕಾಣುವಂತಾದ ಮೇಲೆ ಆ ಕೆಲಸವೂ ಭಾವನ ಪಾಲಿಗೆ ಬಂತು.

ಆದರೆ ಮಾವನ ಒಂದು ಹಕ್ಕನ್ನು ಯಾರೂ ಕಸಿದುಕೊಳ್ಳಲಿಲ್ಲ. ನಮ್ಮ ಮನೆಯಲ್ಲಿ ಪಟಕ್ಕೆ ಕಣ್ಣಿಡುವ ಮೊದಲು ಅದನ್ನು ಹಿರಿಯರಿಗೆ ಬಾಯಿಂದ ಒಪ್ಪಿಸಬೇಕು. ಸಾಲೆಯಲ್ಲಿ ಮಗ್ಗಿ ಒಪ್ಪಿಸುತ್ತಾರಲ್ಲ, ಹಾಗೆ. ಅಂಚಿನಿಂದ ಶುರು ಮಾಡಿ, ಸುತ್ತು ಬಂದು, ನಡುವಿಗೆ ಹೋಗಿ, ಕಡೆಗೆ ಮುಖ. ಏನಿದೆ, ಯಾಕಿದೆ, ಎರಡನ್ನೂ ಹೇಳಬೇಕು. ತಪ್ಪಿದರೆ ಮಾವ ತೊಡೆ ತಟ್ಟಿ ನಿಲ್ಲಿಸುವರು. ಎಲ್ಲ ಸರಿ ಅನ್ನಿಸಿದರೆ ಮಾತ್ರ ‘ಕಣ್ಣಿಡ್ರಿ’ ಎನ್ನುವರು. ಇನ್ನೊಂದು ಕಟ್ಟಳೆಯೂ ಇತ್ತು. ಕಣ್ಣಿಲ್ಲದ ಪಟ ಮನೆಯಲ್ಲಿ ಅಮಾವಾಸ್ಯೆ ದಾಟಬಾರದು. ದಾಟಿದರೆ ಅದು ಮನೆಯವರ ಕಣ್ಣನ್ನು ಕೇಳುತ್ತದಂತೆ. ನಾನು ಇದನ್ನೆಲ್ಲ ಅಷ್ಟಾಗಿ ನಂಬಿದವಳಲ್ಲ, ಭಾವ ಮಾತ್ರ ಪೂರಾ ನಂಬುತ್ತಿದ್ದರು.

ಆ ವರ್ಷ ಶಹಾಪುರದ ಅರಳೆ ವ್ಯಾಪಾರಿಯೊಬ್ಬರು ವೆಂಕಟರಮಣನ ಪಟ ಬೇಕೆಂದು ಹೇಳಿದ್ದರು. ಅದರ ಕಿರೀಟಕ್ಕೆ, ಹಾರಕ್ಕೆ ವರಕು ಸಾಲದೆ, ನನ್ನ ಗಂಡ ಶಹಾಪುರಕ್ಕೆ ಹೊರಟರು. ಅಲ್ಲಿ ವರಕು ಬಡಿಯುವ ಒಂದು ಮನೆಯಿತ್ತು. ತೊಗಲಿನ ಹಾಳೆಗಳ ನಡುವೆ ಬಂಗಾರವನ್ನಿಟ್ಟು ದಿನವಿಡೀ ಸುತ್ತಿಗೆಯಿಂದ ಬಡಿದು, ಊದಿದರೆ ಹಾರುವಷ್ಟು ತೆಳುವು ಮಾಡುವರು. ಮನೆಯಲ್ಲಿ ಉರ್ದು ಮಾತಾಡುವ ಮಂದಿ. ನಮ್ಮ ದೇವರುಗಳ ಕಿರೀಟವೆಲ್ಲ ಅವರ ಕೈಯಿಂದ ಬಂದದ್ದು. ಅದು ನನ್ನ ತವರಿನ ಓಣಿಯೇ. ಆದ್ದರಿಂದ ಗಂಡ ಹೋದರೆ ನಮ್ಮಣ್ಣನ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದರು.

ನಮ್ಮಣ್ಣನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅವ್ವ ತೀರಿದಾಗ ನಾನು ಇನ್ನೂ ಲಂಗ ಉಡುವವಳು. ಗಂಡಸಾಗಿ ಹುಟ್ಟಿದವನು ಬೆಳಿಗ್ಗೆ ಎದ್ದು ತಂಗಿಯ ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಹೆರಳು ಹಾಕಿ ಆಮೇಲೆ ಅಂಗಡಿಗೆ ಹೋಗುತ್ತಿದ್ದ. ಓಣಿಯವರು ನಕ್ಕರೆ ನಕ್ಕುಕೊಳ್ಳಲಿ ಎನ್ನುತ್ತಿದ್ದ. ಜೋಳದ ಅಡತಿ ಅಂಗಡಿ ಅವನದು. ಸಿಟ್ಟಿನಲ್ಲಿ ಒಮ್ಮೆಯೂ ನನ್ನ ಮೇಲೆ ಕೈ ಎತ್ತಿದವನಲ್ಲ. ನನ್ನ ಪಾಲಿಗೆ ಅಪ್ಪ, ಅವ್ವ, ತವರು ಎಲ್ಲ ಅವನೊಬ್ಬನೇ.

ಗಂಡ ಹೋದ ವಾರದಲ್ಲೇ ಪೊಲೀಸ್ ಆಕ್ಷನ್ ಆಯಿತು. ನಿಜಾಮನ ರಾಜ್ಯ ಹೋಯಿತು, ಹಿಂದುಸ್ತಾನ ಬಂತು ಎಂದರು. ಮೊದಲು ನಿಜಾಮನ ಕಡೆಯ ರಜಾಕಾರರ ಹೆಸರು ಕೇಳಿದರೆ ನಾವು ಅಗಳಿ ಹಾಕಿಕೊಳ್ಳುತ್ತಿದ್ದೆವು. ಈಗ ಮುಸಲ್ಮಾನರು ಹೆದರಿ ಅಗಳಿ ಹಾಕಿಕೊಂಡರು. ಮೋಟಾರು ಬಸ್ಸುಗಳು ನಿಂತವು. ದಿನಕ್ಕೊಂದು ಸುದ್ದಿ ಬರುತ್ತಿತ್ತು, ಒಂದಕ್ಕೂ ತಲೆಬುಡವಿಲ್ಲ. ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಅರೆದ ಬಣ್ಣವನ್ನೇ ಮತ್ತೆ ಅರೆಯುತ್ತಿದ್ದೆ. ಬಾಗಿಲಿಗೂ ಒಲೆಗೂ ಓಡಾಡಿ ಓಡಾಡಿ, ರೊಟ್ಟಿ ಹೊತ್ತಿಸಿ ಭಾವನಿಂದ ಬೈಸಿಕೊಂಡೆ.

ಒಂದು ಮಧ್ಯಾಹ್ನ ಗಂಡ ನಡೆದುಕೊಂಡೇ ಬಂದರು. ಮೈತುಂಬ ಧೂಳು. ಕೈಯಲ್ಲಿ ವರಕಿನ ಪುಡಿಕೆ ಇರಲಿಲ್ಲ. ಕಾಲಿಗೆ ನೀರು ಕೊಟ್ಟು, ‘ನಮ್ಮಣ್ಣ ಚೆಂದ ಅದಾನಿಲ್ಲರಿ?’ ಎಂದು ಕೇಳಿದೆ. ಅವರು ನನ್ನನ್ನು ನೋಡಿದರು, ಆಮೇಲೆ ಮುಖ ತಿರುಗಿಸಿದರು. ಅಂದಿನಿಂದ ಮಾತು ನಿಂತಿತು. ನನ್ನ ಜೊತೆಗೆ ಮಾತ್ರವಲ್ಲ, ಯಾರ ಜೊತೆಗೂ ಇಲ್ಲ. ಉಣ್ಣು ಎಂದರೆ ಉಣ್ಣುವರು, ಮಲಗು ಎಂದರೆ ಮಲಗುವರು. ನಾಲ್ಕು ದಿನ ಕಳೆದು ವೆಂಕಟರಮಣನಿಗೆಂದು ನಾನು ತಿಕ್ಕಿ ತಿಕ್ಕಿ ನುಣುಪು ಮಾಡಿದ ಹಲಗೆಯನ್ನು ಮುಂದಿಟ್ಟುಕೊಂಡು ಬರೆಯಲು ಕೂತರು. ದೇವರ ಕೆಲಸಕ್ಕೆ ಕೈ ಹಚ್ಚಿದರಲ್ಲ, ಇನ್ನು ಸರಿಹೋಗುತ್ತಾರೆ ಎಂದು ನಾನು ಎಣ್ಣೆದೀಪ ಹಚ್ಚಿದೆ.

ಹಲಗೆಯ ಮೇಲೆ ದೇವರು ಬರಲಿಲ್ಲ. ಬಂದದ್ದನ್ನು ಹೇಗೆ ಹೇಳಲಿ? ಶಹಾಪುರದ ಗುಡ್ಡ ದೂರದಿಂದ ಒಬ್ಬ ಮನುಷ್ಯ ಅಂಗಾತ ಮಲಗಿದ ಹಾಗೆ ಕಾಣುತ್ತದೆ, ಆ ದಾರಿಯಲ್ಲಿ ಹೋದವರಿಗೆಲ್ಲ ಗೊತ್ತು. ಪಟದಲ್ಲಿ ಆ ಗುಡ್ಡದ ಮನುಷ್ಯ ಬಾಯಿ ತೆರೆದಿದ್ದಾನೆ. ಬಾಯಿಂದ ಒಂದು ರಸ್ತೆ ನಾಲಗೆಯಂತೆ ಹೊರಗೆ ಚಾಚಿದೆ. ರಸ್ತೆಯ ಮೇಲೆ ರೈಲುಗಾಡಿ ಬರುತ್ತಿದೆ, ಅದಕ್ಕೆ ಗಾಲಿಯಿಲ್ಲ, ಎತ್ತಿನ ಕಾಲುಗಳಿವೆ. ಬಯಲಿನಲ್ಲಿ ಒಂದು ಹಸಿರು ಬಾಗಿಲು ನಿಂತಿದೆ. ಹಿಂದೆ ಮನೆಯಿಲ್ಲ, ಗೋಡೆಯಿಲ್ಲ, ಆದರೂ ಗೋಣಿತಟ್ಟಿನ ಪರದೆ ಗಾಳಿಗೆ ಉಬ್ಬಿದೆ. ನಟ್ಟನಡುವೆ ಒಂದು ಬಾವಿ. ಅದು ನೆಲದಲ್ಲಿಲ್ಲ. ಗೋಡೆಗೆ ತೂಗುಹಾಕಿದ ಕನ್ನಡಿಯಂತೆ ಎದ್ದು ನಿಂತು, ತನ್ನ ಬಾಯಿಯನ್ನು ನಮ್ಮ ಕಡೆ ಮಾಡಿದೆ. ನೀರು ಚೆಲ್ಲುತ್ತಿಲ್ಲ. ಬಾವಿಯ ತುಂಬ ಬಂಗಾರ. ಮನೆಯಲ್ಲಿ ಉಳಿದಿದ್ದ ವರಕನ್ನೆಲ್ಲ, ಭಾವ ಇಲ್ಲದ ಹೊತ್ತು ನೋಡಿ, ಅವರು ಅಲ್ಲಿಗೇ ಹಚ್ಚಿಬಿಟ್ಟಿದ್ದರು. ಬಾವಿಯ ಮುಂದೆ ಒಂದು ಸಾಲು ಗಂಡಸರು. ಮೈ ಬಾವಿಯ ಕಡೆ ಇದೆ, ಬೆನ್ನು ನಮಗೆ ಕಾಣುತ್ತದೆ. ತಲೆ ಮಾತ್ರ ಪೂರಾ ಹಿಂದಕ್ಕೆ ತಿರುಗಿ ಮುಖ ನಮ್ಮ ಕಡೆ ಇದೆ. ಮುಖದಲ್ಲಿ ಮೂಗು, ಬಾಯಿ, ಮೀಸೆ ಇವೆ. ಕಣ್ಣಿನ ಜಾಗ ಬದನೆಕಾಯಿಯಂತೆ ನುಣ್ಣಗಿದೆ.

ವರಕು ಹೋದದ್ದನ್ನು ಕಂಡು ಭಾವ ಎದೆ ಬಡಿದುಕೊಂಡರು. ‘ದೇವರ ಕಿರೀಟದ ಬಂಗಾರ ಬಾವಿಗೆ ಸುರುವ್ಯಾನಲ್ಲವಾ! ಇದು ಹುಚ್ಚಲ್ದ ಮತ್ತೇನು?’

ಊರಿಗೆಲ್ಲ ಸುದ್ದಿ ಮುಟ್ಟಿತು. ಪಟ ನೋಡಲು ಬಂದವರು ಆಳಿಗೊಂದು ಅರ್ಥ ಹಚ್ಚಿದರು. ತಹಶೀಲಿನಲ್ಲಿ ಕಾರಕೂನನಾಗಿದ್ದ ಒಬ್ಬ ಮುದುಕ, ಎತ್ತಿನ ಕಾಲಿನ ರೈಲೆಂದರೆ ಹೊಸ ಸರ್ಕಾರ, ಬರುತ್ತದೆ ಆದರೆ ಮೆಲ್ಲಗೆ ಬರುತ್ತದೆ ಎಂದು ವಿವರಿಸಿದ. ಎದುರು ಮನೆಯಾಕೆ, ಬಾವಿಯಲ್ಲಿ ಬಂಗಾರ ಕಂಡಿದೆ ಎಂದರೆ ನಿಮ್ಮ ಹಿತ್ತಲಿನಲ್ಲಿ ಹುಗಿದ ಹಂಡೆ ಇದೆ, ಅಗೆಸಿರಿ ಎಂದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿಯವರು ನಮ್ಮ ಭಾವ. ಮರುದಿನ ಹಾರೆ ತಂದು ಎರಡು ಕಡೆ ತೋಡಿಯೂ ನೋಡಿದರು. ನನಗೆ ನಗು ಬಂತು, ನಕ್ಕ ಮೇಲೆ ಅಳು ಬಂತು. ಗಂಡ ಕಂಬಕ್ಕೆ ಒರಗಿ ಆ ಗುಂಡಿಯನ್ನೇ ನೋಡುತ್ತಿದ್ದರು.

ಬಳೆಗಾರ ಚಾಚಿ ಒಬ್ಬಳೇ ಅರ್ಥ ಹಚ್ಚಲಿಲ್ಲ. ಪಕ್ಕದ ಓಣಿಯವಳು. ಪೊಲೀಸ್ ಆಕ್ಷನ್ನಿನ ಗದ್ದಲದ ನಂತರ ಮೊದಲ ಸಲ ಬುಟ್ಟಿ ಹೊತ್ತು ನಮ್ಮ ಮನೆಗೆ ಬಂದಿದ್ದಳು. ನನ್ನ ಕೈಗೆ ಹಸಿರು ಬಳೆ ಏರಿಸುತ್ತಾ ತಲೆಯೆತ್ತಿದವಳು ಪಟದ ಬಾಗಿಲನ್ನು ನೋಡಿ ಹಾಗೇ ನಿಂತಳು. ‘ಇದು ವರಕ್ ಬಡಿಯೋರ ಮನಿ ಬಾಗಲ. ನನ್ನ ತಂಗೀನ ಆ ಓಣಿಗೇ ಕೊಟ್ಟೀವಲ್ಲ, ಅಲ್ಲಿ ನೋಡೀನಿ’ ಎಂದಳು. ಆಮೇಲೆ ಬಾವಿಯನ್ನು ನೋಡಿದಳು. ಬುಟ್ಟಿ ಎತ್ತಿಕೊಂಡು, ಇನ್ನೊಂದು ಕೈಗೆ ಬಳೆ ಹಾಕದೆ ಹೋಗಿಬಿಟ್ಟಳು. ಕೂಗಿದರೂ ತಿರುಗಲಿಲ್ಲ.

ಭಾವ ಕೆಟ್ಟವರಲ್ಲ. ತಮ್ಮನಿಗೆ ಯಾರೋ ಮಾಟ ಮಾಡಿಸಿದ್ದಾರೆಂದು ಅಂತ್ರ ಕಟ್ಟಿಸಿದರು, ಲಿಂಬೆಹಣ್ಣು ಇಳಿತೆಗೆದರು. ಏನೂ ಆಗದಿದ್ದಾಗ ಗಾಬರಿಬಿದ್ದು, ಹೈದರಾಬಾದಿನ ಮಾತು ಎತ್ತಿದರು. ನಮ್ಮಣ್ಣನಿಗೂ ಹೇಳಿ ಕಳಿಸಿದರು. ಅಣ್ಣನಿಂದ ಉತ್ತರ ಬಂತು: ಹಬ್ಬಕ್ಕೆ ತಂಗಿಯನ್ನು ಕರೆಯಲು ಹೇಗೂ ಬರುತ್ತೇನೆ, ಗಾಡಿ ತರುತ್ತೇನೆ, ತಂಗಿಯ ಗಂಡನನ್ನು ಯಾದಗಿರಿ ಸ್ಟೇಷನ್ನಿಗೆ ನಾನೇ ಮುಟ್ಟಿಸುತ್ತೇನೆ, ತಂಗಿ ನನ್ನ ಮನೆಯಲ್ಲಿ ಇರಲಿ. ಎಷ್ಟು ಅಂತಃಕರಣ ನೋಡು ಎಂದು ಎಲ್ಲರೂ ಅಂದರು. ನನಗೂ ಹಾಗೇ ಅನ್ನಿಸಿತು. ಆದರೆ ಗಂಡನ ಬಟ್ಟೆಯನ್ನು ಗಂಟು ಕಟ್ಟು ಎಂದು ಭಾವ ಹೇಳಿದ ದಿನ ನಾನು ಬಟ್ಟೆಯನ್ನು ನೆಲಕ್ಕೆ ಎಸೆದು ಮಾವನ ಮುಂದೆ ಹೋಗಿ ಕೂತೆ.

‘ಮಾವಾರ, ಅವರಿಗೆ ಹುಚ್ಚಂತ ನೀವೂ ಅಂತೀರೇನು?’

ಮಾವ ಗಡ್ಡ ಕೆರೆದುಕೊಂಡರು. ‘ಎಲ್ಲಾರೂ ಪಟ ನೋಡ್ಯಾರ. ನನಗ ಯಾರೂ ಒಪ್ಪಿಸಿಲ್ಲ. ಒಪ್ಪಿಸದ ಪಟದ ಮ್ಯಾಲ ನಾ ಏನಂತ ಹೇಳ್ಲಿ? ಅಂವ ಬಾಯಿ ಬಿಡಾಂಗಿಲ್ಲ. ನೀ ಒಪ್ಪಸು.’

ಹೆಂಗಸು ಪಟ ಒಪ್ಪಿಸುವ ಪದ್ಧತಿ ಇರಲಿಲ್ಲ. ಭಾವ ಅಡ್ಡ ಬಂದರು, ಮಾವ ಕೈಯೆತ್ತಿ ಸುಮ್ಮನಿರಿಸಿದರು. ಗಂಡ ಬಾಗಿಲ ಹತ್ತಿರ ಕೂತಿದ್ದರು. ನಾನು ಪಟದ ಮುಂದೆ ಮೊಣಕಾಲೂರಿ, ಅಂಚಿನಿಂದ ಶುರು ಮಾಡಿದೆ.

‘ಅಂಚಿಗೆ ಬಳ್ಳಿ ಬರದಾರ್ರಿ. ಒಂದು ಎಲಿನೂ ತಪ್ಪಿಲ್ಲ.’

‘ಗೆರಿ?’

‘ಕೂದಲ ಎಳಿಯಂಗ ಅದರಿ. ಎಲ್ಲೂ ನಡುಗಿಲ್ಲ.’

‘ಹ್ಞಾಂ. ಮುಂದ?’

ಗುಡ್ಡ ಹೇಳಿದೆ, ರಸ್ತೆ ಹೇಳಿದೆ. ರೈಲಿನ ಕಾಲು ಹೇಳಿದಾಗ ಮಾವ ತೊಡೆ ತಟ್ಟಿದರು. ‘ಯಾಕ ಎತ್ತಿನ ಕಾಲು?’ ನನಗೆ ಗೊತ್ತಿರಲಿಲ್ಲ. ಮಾವನೇ ಕೇಳಿದರು: ‘ಎತ್ತು ಮುಂದ ಹೊಂಟಾವೋ, ಹಿಂದ ಜಗ್ಯಾವೋ?’ ನಾನು ಪಟಕ್ಕೆ ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಅಷ್ಟು ದಿನ ಕಂಡಿರಲಿಲ್ಲ, ಗೊರಸುಗಳೆಲ್ಲ ಮಣ್ಣಿನಲ್ಲಿ ಊರಿ ನಿಂತಿವೆ. ‘ಜಗ್ಯಾವ್ರಿ. ಮುಂದ ಬರಾಕ ಒಲ್ಲೆ ಅನ್ನಾಕತ್ತಾವ.’ ಮಾವ ತಲೆಯಾಡಿಸಿದರು. ಅಂದರೆ, ಬರಬೇಕಾದ್ದು ಬರಲಿಲ್ಲ, ಸಹಾಯ ದಾರಿಯಲ್ಲೇ ನಿಂತಿತು ಎಂದರು. ಅಷ್ಟು ಬೇಗ ಅರ್ಥ ಬಿಚ್ಚಿಕೊಂಡದ್ದನ್ನು ಕಂಡು ನನಗೆ ಪಟದಲ್ಲಿ ಹುಚ್ಚಿಲ್ಲ, ಮಾತಿದೆ ಎಂಬ ಆಸೆ ಹುಟ್ಟಿತು.

ಬಾಗಿಲು ವರಕಿನವರದು ಎಂದೆ, ಬಳೆಗಾರ ಚಾಚಿ ಹೇಳಿದ್ದನ್ನೂ ಹೇಳಿದೆ. ಆಮೇಲೆ ಬಾವಿಗೆ ಬಂದೆ. ಹತ್ತಿರದಿಂದ ನೋಡಿದಾಗ ಕಲ್ಲಿನ ಕಟ್ಟೆಯ ಒಂದು ಮೂಲೆ ಒಡೆದಿರುವುದು ಕಂಡಿತು. ಆ ಮೂಲೆಯಲ್ಲಿ ಕೊಡವಿಟ್ಟು ಎಷ್ಟು ಸಲ ನೀರು ತುಳುಕಿಸಿದ್ದೇನೋ ನಾನು! ‘ಮಾವಾರ, ಇದು ನಮ್ಮ ಓಣಿ ಬಾವಿ. ನಮ್ಮಣ್ಣನ ಮನಿಗೂ ವರಕಿನವರ ಮನಿಗೂ ಇದೊಂದೇ ಬಾವಿ.’

‘ಬೆಳಕು ಯಾವ ಕಡಿಂದ ಬಿದ್ದದ?’

ಆಕಾಶ ನೋಡಿದೆ, ಸೂರ್ಯನಿಲ್ಲ. ಗಂಡಸರ ಎದೆಯ ಕಡೆಯ ಅಂಚುಗಳಲ್ಲಿ ಹಳದಿ ಗೆರೆಯಿದೆ. ‘ಬಾವಿ ಒಳಗಿಂದ ಬಿದ್ದದರಿ.’

ಮಾವ ಮೆಲ್ಲಗೆ, ‘ಬಂಗಾರ ನಾವು ದೇವರಿಗೆ ಬಿಟ್ರ ಬ್ಯಾರೆದಕ್ಕ ಹಚ್ಚಂಗಿಲ್ಲ. ಅಂವಗ ಅದು ಗೊತ್ತದ. ಬಾವಿಗೆ ಹಚ್ಚ್ಯಾನಂದ್ರ ಒಳಗ ಇದ್ದವರ್ನ ದೇವರಂತ ತಿಳಿದಾನ’ ಎಂದರು.

ಒಳಗೆ ಇದ್ದವರು. ವರಕಿನವರ ಮನೆಯ ಮಂದಿ ಬಾವಿಯಲ್ಲಿದ್ದಾರೆ ಎಂದು ನನಗೆ ಆಗ ತಿಳಿಯಿತು. ಸುತ್ತಿಗೆ ಹಿಡಿದ ಆ ಮುದುಕ, ಅವನ ಸೊಸೆ, ನಾನು ಎತ್ತಿ ಆಡಿಸಿದ್ದ ಅವಳ ಕೂಸು. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. ಬಂದು ಮತ್ತೆ ಕೂತೆ. ಅರ್ಧಕ್ಕೆ ಬಿಟ್ಟರೆ ಗಾಡಿ ಹೂಡುತ್ತಾರೆ.

‘ಗಂಡಸರ ಕೈಯಾಗ ಏನೇನವ?’

‘ಬಡಿಗಿ ಅವರಿ. ಒಬ್ಬನ ಕೈಯಾಗ ಹಗ್ಗ. ಮೂರನೇವನ ಕೈಯಾಗ ಏನೂ ಇಲ್ಲ. ಕೈ ಬೆನ್ನ ಹಿಂದ ಮಾಡಿ, ಎಡಗೈಲೆ ಬಲಮೊಣಕೈ ಹಿಡಕೊಂಡು ನಿಂತಾನ.’

‘ಕಣ್ಣು?’

‘ಒಬ್ಬರಿಗೂ ಇಲ್ರಿ.’

‘ಯಾಕಿಲ್ಲ?’

ಗಂಡನ ಕಡೆ ತಿರುಗಿದೆ. ಅವರು ಎದ್ದು ಹಿತ್ತಲಿಗೆ ಹೋದರು. ಮಾವ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: ‘ಮರ್ತಾನೋ, ಬ್ಯಾಡಂದಾನೋ? ಪಟ ಬರ್ಯಾವ ಕಣ್ಣು ಮರ್ತಿದ್ರ ಬ್ಯಾನಿ ಅದ, ದವಾಖಾನಿಗೆ ಒಯ್ರಿ. ಬೇಕಂತ ಬಿಟ್ಟಿದ್ರ ಬುದ್ಧಿ ನೆಟ್ಟಗದ. ಅಷ್ಟು ತಿಳಿಯೂತನ ನಾ ಕಣ್ಣಿಡ್ರಿ ಅನ್ನಂಗಿಲ್ಲ.’

ಒಂದೇ ಪ್ರಶ್ನೆ ಉಳಿಯಿತು. ಆ ಪ್ರಶ್ನೆಯನ್ನು ಹೊತ್ತು ನಾನು ಗಂಡನ ಹಿಂದೆ ಹಿಂದೆ ತಿರುಗಿದೆ. ‘ತಲಿ ಅಲ್ಲಾಡಸ್ರಿ ಸಾಕು. ಮರ್ತ್ರೇನು? ಬಿಟ್ರೇನು?’ ಬೇಡಿಕೊಂಡೆ, ಬೈದೆ, ಒಮ್ಮೆ ತೋಳು ಹಿಡಿದು ಅಲುಗಿಸಿದೆ. ಅವರು ನನ್ನ ಕಣ್ಣು ತಪ್ಪಿಸುತ್ತಲೇ ಇದ್ದರು. ಬೇರೆಯವರನ್ನು ಎದುರಿಗೇ ನೋಡುವವರು ನನ್ನೊಬ್ಬಳನ್ನು ನೋಡುತ್ತಿರಲಿಲ್ಲ. ಕಟ್ಟಿಕೊಂಡವಳು ನಾನೇ ಬೇಡವಾದೆನೇ ಎಂದು ಉರಿದು ಹೋಗುತ್ತಿದ್ದೆ.

ದೀಪಾವಳಿ ಅಮಾವಾಸ್ಯೆ ಹತ್ತಿರ ಬಂತು. ಭಾವನಿಗೆ ಹೊಟ್ಟೆಗೆ ಅನ್ನ ಸೇರದು. ಕಣ್ಣಿಲ್ಲದ ಪಟ, ಅದೂ ಅಷ್ಟು ಮಂದಿಯದು, ಮನೆಯಲ್ಲಿ ಅಮಾವಾಸ್ಯೆ ದಾಟಿದರೆ ಮೊದಲೇ ಕಣ್ಣಿಲ್ಲದ ಅಪ್ಪನ ಗತಿಯೇನು, ತಮ್ಮನ ಗತಿಯೇನು ಎಂಬ ಹೆದರಿಕೆ. ಅಮಾವಾಸ್ಯೆಯ ಹಿಂದಿನ ದಿನ ಬೆಳಗಾಗುತ್ತಲೇ ಮಿಂದು, ತೆಂಗಿನಕಾಯಿ ಒಡೆದು, ಅಪ್ಪನ ಅಪ್ಪಣೆಯಿಲ್ಲದೆ ತಮ್ಮ ಕೈಯಾರೆ ಎಲ್ಲರಿಗೂ ಕಣ್ಣಿಟ್ಟುಬಿಟ್ಟರು. ಅವರಿಗೆ ಬರುತ್ತಿದ್ದದ್ದು ದೇವರ ಕಣ್ಣು ಒಂದೇ. ಹುಟ್ಟಿದಾಗಿನಿಂದ ಕಲಿತದ್ದು ಅದೇ. ಮೀನಿನ ಆಕಾರ, ನೀಳ ರೆಪ್ಪೆ, ಕರುಣೆ ತುಂಬಿದ ಪಾಪೆ. ನಾನು ಕಸಬರಿಗೆ ಹಿಡಿದು ಬಂದವಳು ನೋಡುತ್ತೇನೆ, ಬಡಿಗೆ ಹಿಡಿದವರು, ಹಗ್ಗ ಹಿಡಿದವರು ಎಲ್ಲರೂ ವೆಂಕಟರಮಣನ ಕಣ್ಣಿನಿಂದ ನನ್ನನ್ನು ನೋಡುತ್ತಿದ್ದಾರೆ! ಕೈಯಲ್ಲಿದ್ದ ಕಸಬರಿಗೆ ಬಿತ್ತು. ಯಾವ ರಾಕ್ಷಸನ ಕಣ್ಣಿಟ್ಟಿದ್ದರೂ ಅಷ್ಟು ಹೆದರುತ್ತಿರಲಿಲ್ಲ. ಗಂಡ ಬಂದು ನೋಡಿದರು. ಕೂಗಲಿಲ್ಲ. ಗೋಡೆಗೆ ಹಣೆ ಹಚ್ಚಿ ನಿಂತರು. ‘ಒಳ್ಳೇದಕ್ಕ ಮಾಡೀನೋ ತಮ್ಮಾ’ ಎಂದು ಭಾವ ಗೋಗರೆದರು.

ಅದೇ ದಿನ ನಮ್ಮಣ್ಣ ಗಾಡಿ ತಂದ. ಗಾಡಿಯಲ್ಲಿ ನನಗೆ ಇಲಕಲ್ ಸೀರೆ, ಕೊಬ್ಬರಿ, ಹಬ್ಬದ ಎಣ್ಣೆ. ನನ್ನ ತಲೆ ಸವರಿ, ‘ಸೊರಗೀದಿ ತಂಗಿ’ ಎಂದ. ನಾನು ಅವನ ಎದೆಗೆ ತಲೆಯಿಟ್ಟು ಅತ್ತೆ. ಅವನಿಗೂ ಕಣ್ಣು ತುಂಬಿದವು, ನಾಟಕವಲ್ಲ. ಉಂಡ ಮೇಲೆ ಭಾವನ ಜೊತೆ ರೈಲಿನ ವೇಳೆ ಮಾತಾಡಿದ. ಗಂಡ ತಲೆ ತಗ್ಗಿಸಿ ಕೂತಿದ್ದರು, ಗಂಟು ಪಕ್ಕದಲ್ಲಿತ್ತು. ನನ್ನ ಕೈಲಿ ಇನ್ನೇನು ಉಳಿದಿತ್ತು? ಇನ್ನು ಒಂದು ಗಳಿಗೆಗೆ ಇವರು ಹೋಗುತ್ತಾರೆ ಎಂದು ಕುಡಿಯುವ ನೀರನ್ನು ತಂಬಿಗೆಗೆ ತುಂಬಿದೆ.

ಹೊರಡುವ ಮುಂದೆ ಅಣ್ಣ ಅಂದ: ‘ಊರೆಲ್ಲ ಮಾತಾಡಾಕತ್ತದ, ಎಲ್ಲೈತಿ ಆ ಪಟ? ನೋಡಿ ಹೋಗೂಣು.’

ಭಾವ ಹೊದಿಸಿದ್ದ ಬಟ್ಟೆ ತೆಗೆದರು. ಅಣ್ಣ ಎದುರು ನಿಂತ. ಗುಡ್ಡ ನೋಡಿ ನಕ್ಕ, ರೈಲು ನೋಡಿ ನಕ್ಕ. ಬಾಗಿಲು ನೋಡಿದ. ನಗು ನಿಂತಿತು. ಬಾವಿಯ ಮೇಲೆ ಅವನ ನೋಟ ಬಂದು ಅಲ್ಲೇ ಕೂತಿತು. ನಾನು ಅವನ ಬೆನ್ನ ಹಿಂದೆ ಇದ್ದೆ, ನೀರಿನ ತಂಬಿಗೆ ಹಿಡಿದು. ಅವನ ಕೈಗಳು ಮೆಲ್ಲಗೆ ಬೆನ್ನ ಹಿಂದೆ ಬಂದವು. ಎಡಗೈ ಬಲಮೊಣಕೈಯನ್ನು ಹಿಡಿಯಿತು. ಬೇಸರವಾದಾಗ, ಹೆದರಿಕೆಯಾದಾಗ, ಅಂಗಡಿಯಲ್ಲಿ ಗಿರಾಕಿಯ ಎದುರು ಏನು ಹೇಳಬೇಕೆಂದು ತೋಚದಾಗ ಅವನು ಹಾಗೇ ನಿಲ್ಲುತ್ತಿದ್ದ, ಸಣ್ಣವನಿದ್ದಾಗಿನಿಂದ. ನಾನು ಅವನನ್ನು ನೋಡಿದೆ. ಪಟದ ಮೂರನೆಯವನನ್ನು ನೋಡಿದೆ.

ಮಾವನಿಗೆ ಕಾಣದು, ‘ಯಾಕ, ಎಲ್ಲಾರೂ ಸುಮ್ಮಾದ್ರಿ?’ ಎಂದರು.

ಅದಕ್ಕೆ ಅಣ್ಣ, ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟ. ‘ನಾ ಕೈ ಹಚ್ಚಿಲ್ರೀ ಹಿರಿಯಾರ. ದೇವರಾಣಿ. ಬರೇ ನಿಂತಿದ್ದೆ. ಎಲ್ಲಾರೂ ಬಂದಿದ್ರು, ನನ್ನೂ ಕರದ್ರು, ನಾ ನಿಂತಿದ್ದೆ ಅಷ್ಟ.’

‘ಸುಮ್ನಿರ್ರಿ!’

ಕೂಗಿದವರು ನನ್ನ ಗಂಡ. ಎಷ್ಟೋ ದಿನಗಳಿಂದ ಕೇಳದ ದನಿ ಒಡೆದ ಮಡಕೆಯಂತೆ ಬಂತು. ಎದ್ದು ಬಂದು ಅಣ್ಣನ ಎರಡೂ ಭುಜ ಹಿಡಿದರು. ‘ಸುಮ್ನಿರ್ರಿ ಅಂದ್ನಲ್ಲ. ಆಕಿ ಮುಂದ ಬ್ಯಾಡ. ಆಕಿಗೆ ಗೊತ್ತಾಗಬಾರದಂತ ಕಣ್ಣ ಬರಿಲಿಲ್ಲ ನಾ. ಕಣ್ಣ ಬರೆದಿದ್ರ ಆಕಿ ಗುರ್ತ ಹಿಡೀತಿದ್ಲು.’

ಮಾವ ತೊಡೆ ತಟ್ಟಿದರು. ‘ಬೇಕಂತ ಬಿಟ್ಟಾನ’ ಎಂದರು. ‘ಗಾಡಿ ಎತ್ತು ಬಿಚ್ಚ್ರಿ. ನನ್ನ ಮಗ ಎಲ್ಲೂ ಹೋಗಂಗಿಲ್ಲ.’ ಭಾವ ಬಟ್ಟೆಯ ಗಂಟನ್ನು ಎತ್ತಿ ಒಳಗೆ ಒಯ್ದರು.

ನಾನು ಕುಣಿದಾಡಬೇಕಿತ್ತು. ನನ್ನ ಗಂಡ ಹುಚ್ಚನಲ್ಲ, ನಾನು ಬೇಡವಾಗಿರಲಿಲ್ಲ, ನನ್ನ ತವರನ್ನು ನನಗಾಗಿ ಉಳಿಸಲು ಒಬ್ಬ ಮನುಷ್ಯ ಬಾಯಿ ಹೊಲಿದುಕೊಂಡು ಹುಚ್ಚನ ಹೆಸರು ಹೊತ್ತು ರೈಲು ಹತ್ತಲೂ ತಯಾರಾಗಿದ್ದ. ಅವರ ಮೇಲೆ ಎಷ್ಟು ಪ್ರೀತಿ ಬಂತೋ ಅಷ್ಟೇ ಸಿಟ್ಟೂ ಬಂತು. ಅಣ್ಣನ ಮೇಲೆ ಏನು ಬಂತು ಎಂದು ಹೇಳಲು ನನಗೆ ಇವತ್ತಿಗೂ ಮಾತು ಸಿಕ್ಕಿಲ್ಲ. ನನ್ನ ಹೆರಳು ಹಾಕಿದ ಕೈಗಳು ಅವು. ಅವು ಯಾರನ್ನೂ ದೂಡಲಿಲ್ಲ. ಯಾರನ್ನೂ ಹಿಡಿದೆಳೆದು ಮೇಲೆತ್ತಲೂ ಇಲ್ಲ.

ಅಣ್ಣ ನನ್ನ ಕಡೆ ತಿರುಗಿದ. ಸೀರೆಯ ಪುಡಿಕೆಯನ್ನು ಹಾಗೇ ಮುಂದೆ ಹಿಡಿದಿದ್ದ. ‘ತಂಗೀ, ಹಬ್ಬಕ್ಕ ಬರ್ತಿಯಿಲ್ಲ? ನಿನ್ನ ವೈನಿ ದಾರಿ ನೋಡಾಕತ್ತಾಳ’ ಎಂದ. ತನ್ನ ಮನೆಯಲ್ಲಿ ಏನೂ ಬದಲಾಗಿಲ್ಲ ಎನ್ನುವ ಹಾಗೆ, ಬೇಡಿಕೊಳ್ಳುವ ದನಿಯಲ್ಲಿ.

ನನ್ನ ಬಾಯಿಂದ ಬೈಗುಳ ಬರುತ್ತದೆ ಎಂದು ನಾನೇ ತಿಳಿದಿದ್ದೆ. ಬಂದದ್ದು ಅಡುಗೆಮನೆಯ ಮಾತು.

‘ಅಣ್ಣಾ, ಮನಿಗೆ ನೀರು ಈಗ ಎಲ್ಲಿಂದ ತರಾಕತ್ತೀರಿ?’

ಅವನು ಸೀರೆಯನ್ನು ಕಟ್ಟೆಯ ಮೇಲಿಟ್ಟು ಗಾಡಿ ಹತ್ತಿದ. ನಾನು ಹಬ್ಬಕ್ಕೆ ಹೋಗಲಿಲ್ಲ.